ತೋಟದ ಕೆರೆ ಮೀನಿಗೆ ಪೆಲೆಟ್ಟೋ, ನೀರಲ್ಲೇ ಹುಟ್ಟೋ ಮೇವೋ? ಜೊತೆಗೊಂದು ಟ್ರೌಟ್ ಪ್ರಶ್ನೆ

ಮೂಡಿಗೆರೆ ತೋಟದಕೆರೆ:

ರೋಬಸ್ಟಾ ತೋಟದೊಳಗಿನ ಮಣ್ಣಿನ ಕೆರೆ, ಒಂದು ಎಕರೆ. ಜಾಗ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರ. ಈಗ, ನವೆಂಬರ್ ಕೊನೆಗೆ, ಸರಾಸರಿ ಆರೂವರೆ ಅಡಿ ನೀರಿದೆ. ಆಗಸ್ಟ್ ಮೊದಲ ವಾರದಲ್ಲಿ ಬಲಿತ ಬಿತ್ತನೆ ಮರಿ 1500 ಬಿಟ್ಟಿದ್ದು: ಕಾಟ್ಲಾ 600, ರೋಹು 500, ಮೃಗಾಲ್ 400. ಬಿಡುವ ಮೊದಲು ಸುಣ್ಣ, ಸಗಣಿ ಏನೂ ಹಾಕಿಲ್ಲ. ತೇಲುವ ಪೆಲೆಟ್, 28 ಪರ್ಸೆಂಟ್ ಪ್ರೋಟೀನ್, 2 ಮಿಲಿಮೀಟರ್ ಕಾಳು, ದಿನಕ್ಕೆ ಮೂರು ಕೆಜಿ. ಬೆಳಿಗ್ಗೆ ಏಳಕ್ಕೆ ಒಂದೇ ಸಲ ಎರಚುವುದು. ಅರ್ಧಕ್ಕರ್ಧ ಗಾಳಿಗೆ ದಡಕ್ಕೆ ಬಂದು ಉಬ್ಬಿಕೊಂಡು ಕೂತಿರುತ್ತೆ.

ಮೊನ್ನೆ ಬೀಸುಬಲೆ ಹಾಕಿ ತೂಗಿದಾಗ ಕಾಟ್ಲಾ 150 ಗ್ರಾಂ, ರೋಹು 120, ಮೃಗಾಲ್ 100 ಆಸುಪಾಸು. ಕಾಟ್ಲಾಕ್ಕೆ ತಲೆ ದಪ್ಪ, ಮೈ ಸಣಕಲು. ನೀರು ಕನ್ನಡಿ ಇದ್ದಂಗಿದೆ, ನಾಲ್ಕಡಿ ಆಳದ ಕಲ್ಲು ಕಾಣುತ್ತೆ. ಕಿಟ್‌ನಲ್ಲಿ ನೋಡಿದ್ದು: ಬೆಳಗಿನ ಪಿಎಚ್ 6.2, ಆಲ್ಕಲಿನಿಟಿ (ನೀರಿಗೆ ಹುಳಿ ತಡೆಯುವ ಶಕ್ತಿ) ಲೀಟರಿಗೆ 18 ಮಿಲಿಗ್ರಾಂ.

ಪೆಲೆಟ್ ಜಾಸ್ತಿ ಮಾಡಬೇಕಾ, ಇಲ್ಲ ಅದನ್ನು ನಿಲ್ಲಿಸಿ ಸಗಣಿ ಹಾಕಿ ನೈಸರ್ಗಿಕ ಮೇವಿನ ಮೇಲೆ ಬಿಡಬೇಕಾ? ಪೆಲೆಟ್ ಮೀನಿಗೆ ರುಚಿ ಇಲ್ಲ ಅಂತ ಕೊಳ್ಳುವವರು ರಾಗ ಎಳೆಯುತ್ತಾರೆ, ಅದು ನಿಜವಾ? ಇನ್ನೊಂದು: ನಮ್ಮ ಕಡೆ ಇಷ್ಟು ಚಳಿ ಇದ್ದರೂ ಯಾರೂ ಟ್ರೌಟ್ (ತಣ್ಣೀರಿನ ಮೀನು) ಸಾಕಲ್ಲ ಯಾಕೆ? ಪೆಲೆಟ್ ಕೊಟ್ಟರೆ ಬೆಳೆಯಲ್ವಾ?

ಹೇಮಾವತಿ ದಂಡೆ (ಸಕಲೇಶಪುರ):

ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. 18 ಅಂತ ಬರೆದಿದ್ದೀರಲ್ಲ, ಅಲ್ಲಿ.

ಆಲ್ಕಲಿನಿಟಿ 20ರ ಕೆಳಗಿರುವ ನೀರಲ್ಲಿ ನೀವು ಸಗಣಿ ಹಾಕಿ, ಸೂಪರ್ ಫಾಸ್ಫೇಟ್ ಹಾಕಿ, ನೀರು ಹಸಿರಾಗಲ್ಲ. ಮಲೆನಾಡಿನ ಜಂಬಿಟ್ಟಿಗೆ ಮಣ್ಣು ಹುಳಿ ಮಣ್ಣು. ಅದರಲ್ಲಿರುವ ಕಬ್ಬಿಣ, ಅಲ್ಯೂಮಿನಿಯಂ ರಂಜಕವನ್ನು ಹಿಡಿದು ಕೆಸರಿನಲ್ಲೇ ಕೂರಿಸುತ್ತೆ. ಕಾಫಿ ಗಿಡಕ್ಕೆ ಸುಣ್ಣ ಕೊಡದೆ ರಸಗೊಬ್ಬರ ಸುರಿದ ಹಾಗೆಯೇ ಇದು. ಜೊತೆಗೆ ಪಾಚಿಕಣಗಳು ಬೆಳೆಯಲು ಬೇಕಾದ ಇಂಗಾಲದ ದಾಸ್ತಾನೂ ಅಂಥ ಮೆದು ನೀರಲ್ಲಿ ಇರಲ್ಲ. ಪಾಚಿಕಣ ಇಲ್ಲದಿದ್ದರೆ ಅದನ್ನು ತಿನ್ನುವ ನೀರುಚಿಗಟ, ಸೈಕ್ಲಾಪ್ಸ್‌ನಂಥ ಸೂಕ್ಷ್ಮ ನೀರುಜೀವಿಗಳು ಇಲ್ಲ. ಅವು ಇಲ್ಲದಿದ್ದರೆ ಕಾಟ್ಲಾಕ್ಕೆ ಊಟ ಇಲ್ಲ. ಕಾಟ್ಲಾ ಕಿವಿರಿನ ಜರಡಿಯಲ್ಲಿ ನೀರು ಸೋಸಿ ತಿನ್ನುವ ಮೀನು. ತಲೆ ದಪ್ಪ, ಮೈ ಸಣಕಲು ಅಂದರೆ ಅದು ಹಸಿದಿದೆ ಅಂತಲೇ ಅರ್ಥ. ಬೇರೆ ಪರೀಕ್ಷೆ ಬೇಕಿಲ್ಲ.

ಹಾಗಾಗಿ ಮೊದಲು ಸುಣ್ಣ. ಲೆಕ್ಕ ಹೀಗೆ: ಒಂದು ಎಕರೆ, ಎರಡು ಮೀಟರ್ ನೀರು ಅಂದರೆ ಸುಮಾರು 8000 ಘನ ಮೀಟರ್. ಆಲ್ಕಲಿನಿಟಿ 18ರಿಂದ 48ಕ್ಕೆ ಏರಬೇಕು ಅಂದರೆ ಘನ ಮೀಟರಿಗೆ 30 ಗ್ರಾಂ, ಒಟ್ಟು 240 ಕೆಜಿ ಸುಣ್ಣಕಲ್ಲಿನ ಪುಡಿ ಪೂರ್ತಿ ಕರಗಬೇಕು. ಕೆಸರು ತನ್ನ ಪಾಲು ಮೊದಲು ತಿನ್ನುತ್ತೆ, ಎಲ್ಲವೂ ನೀರಿಗೆ ಸಿಗಲ್ಲ. ಆದ್ದರಿಂದ ಈಗ 150 ಕೆಜಿ, ಹದಿನೈದು ದಿನ ಬಿಟ್ಟು ಇನ್ನೊಂದು 150, ಆಮೇಲೆ ಅಳತೆ ನೋಡಿ. 40 ದಾಟಿದರೆ ಸಾಕು. ದಾಟದಿದ್ದರೆ ಮತ್ತೆ 100.

ಮೀನಿರುವ ಕೆರೆಗೆ ಸುಟ್ಟ ಸುಣ್ಣ, ಅರಳಿದ ಸುಣ್ಣ ಬೇಡ. ಮೆದು ನೀರಲ್ಲಿ ಪಿಎಚ್ ಒಂದೇ ಏಟಿಗೆ 9–10 ದಾಟಿ ಮರಿ ಸಾಯುತ್ತೆ. ಕೃಷಿ ಸುಣ್ಣ, ಅಂದರೆ ಸುಣ್ಣಕಲ್ಲಿನ ಹಸಿ ಪುಡಿ, ಎಷ್ಟು ಹಾಕಿದರೂ ಪಿಎಚ್ ಅನ್ನು 8.3ರ ಆಚೆ ಒಯ್ಯಲ್ಲ. ಕಾಫಿಗೆ ತರಿಸಿದ ಡಾಲೊಮೈಟ್ ಉಳಿದಿದ್ದರೆ ಅದೂ ಆಗುತ್ತೆ, ಕರಗೋದು ನಿಧಾನ ಅಷ್ಟೆ. ಪುಡಿ ಎಷ್ಟು ನಯವೋ ಅಷ್ಟು ಬೇಗ ಕೆಲಸ. ಬೆರಳಲ್ಲಿ ಉಜ್ಜಿದರೆ ಟಾಲ್ಕಂ ಪೌಡರಿನ ಹಾಗಿರಬೇಕು, ಮರಳಿನ ಹಾಗಿದ್ದರೆ ತಳದಲ್ಲೇ ಬಿದ್ದಿರುತ್ತೆ. ಏರಿ ಮೇಲೆ ನಿಂತು ಒಂದೇ ಕಡೆ ಸುರಿಯಬೇಡಿ. ತೆಪ್ಪದಲ್ಲಿ ಹೋಗಿ, ಡ್ರಮ್ಮಲ್ಲಿ ಕಲಸಿ, ಇಡೀ ಮೈಗೆ ಎರಚಿ.

ಮೊದಲ ಸುಣ್ಣ ಹಾಕಿ ಹತ್ತು ದಿನ ಆದಮೇಲೆ ಗೊಬ್ಬರ. ಸುಣ್ಣ ಮತ್ತು ಸೂಪರ್ ಫಾಸ್ಫೇಟ್ ಒಟ್ಟಿಗೆ ಬೇಡ, ಒಂದಕ್ಕೊಂದು ಕಟ್ಟಿಕೊಂಡು ತಳಕ್ಕೆ ಇಳಿಯುತ್ತವೆ. ಹಸಿ ಸಗಣಿ ವಾರಕ್ಕೆ 75–80 ಕೆಜಿ, ಬಗ್ಗಡ ಮಾಡಿ ಬಿಸಿಲು ಬೀಳುವ ಕಡೆ. ಹದಿನೈದು ದಿನಕ್ಕೊಮ್ಮೆ ಸೂಪರ್ ಫಾಸ್ಫೇಟ್ 4–5 ಕೆಜಿ, ಯೂರಿಯಾ 3 ಕೆಜಿ. ಸೂಪರ್ ಹರಳನ್ನು ನೇರ ಎಸೆದರೆ ತಳದ ಮಣ್ಣಿಗೆ ಸೇರುತ್ತೆ. ಹಿಂದಿನ ರಾತ್ರಿ ಬಕೆಟ್ಟಲ್ಲಿ ನೆನೆಸಿ ತಿಳಿ ಮಾತ್ರ ಎರಚಿ, ಇಲ್ಲವೇ ನೀರಿನಡಿ ಒಂದಡಿಗೆ ಅಟ್ಟ ಕಟ್ಟಿ ಅದರ ಮೇಲೆ ಗೋಣಿಯಲ್ಲಿ ಇಡಿ.

ನಿಮ್ಮ ನೀರಲ್ಲಿ ಮೇವೇ ಇಲ್ಲ, ಅದನ್ನು ಪೆಲೆಟ್ಟಿಗೆ ಹೋಲಿಸೋದು ಆಮೇಲಿನ ಮಾತು. ಸುಣ್ಣ ಕೆಲಸ ಮಾಡುವ ತನಕ ಪೆಲೆಟ್ ನಿಲ್ಲಿಸಿ ದುಡ್ಡು ಉಳಿಸಿ.

ಏರಿಮೇಲೆ (ಬೇಲೂರು):

ಸುಣ್ಣದ ಮಾತು ಸರಿ, ಕೊನೇ ಸಾಲು ಒಪ್ಪಲ್ಲ. ನೀರಲ್ಲಿ ಏನೂ ಇಲ್ಲದಾಗ ಪೆಲೆಟ್ ನಿಲ್ಲಿಸಿದರೆ ರೋಹು ಒಂದು ತಿಂಗಳು ಉಪವಾಸ. ನೀರು ಬಣ್ಣಕ್ಕೆ ಬರಲು ಸುಣ್ಣ ಬಿದ್ದಮೇಲೆ ಮೂರರಿಂದ ಐದು ವಾರ ಬೇಕು, ಅದೂ ಡಿಸೆಂಬರ್ ಚಳಿಯಲ್ಲಿ. ನಿಲ್ಲಿಸಬೇಡಿ. ಪೋಲಾಗುವುದನ್ನು ನಿಲ್ಲಿಸಿ.

ಮೊದಲು ಲೆಕ್ಕ. 1500ರಲ್ಲಿ 85 ಪರ್ಸೆಂಟ್ ಉಳಿದಿವೆ ಅಂತ ಹಿಡಿದರೆ ಕಾಟ್ಲಾ 76 ಕೆಜಿ, ರೋಹು 51, ಮೃಗಾಲ್ 34, ಒಟ್ಟು 160 ಕೆಜಿ ಚಿಲ್ಲರೆ. ಮೂರು ಕೆಜಿ ಅಂದರೆ ಮೀನಿನ ತೂಕದ ಎರಡು ಪರ್ಸೆಂಟ್ ಹತ್ತಿರ. ಪ್ರಮಾಣ ತಪ್ಪಿಲ್ಲ. ಹೊತ್ತು ತಪ್ಪು, ಜಾಗ ತಪ್ಪು, ಒಂದೇ ಸಲ ಹಾಕುವುದು ತಪ್ಪು.

ಗೆಂಡೆ ಜಾತಿಗೆ (ಕಾಟ್ಲಾ, ರೋಹು, ಮೃಗಾಲ್ ಮೂರೂ ಅದೇ) ಜಠರ ಅನ್ನೋದೇ ಇಲ್ಲ, ಬಾಯಿಂದ ನೇರ ಕರುಳು. ಒಮ್ಮೆಗೆ ತುಂಬಿಕೊಂಡು ದಿನವಿಡೀ ಕರಗಿಸಲು ಅದಕ್ಕೆ ಚೀಲವಿಲ್ಲ. ಸ್ವಲ್ಪ ಸ್ವಲ್ಪ, ಹಲವು ಸಲ ಬೇಕು. ಬೆಳಿಗ್ಗೆ ಏಳಕ್ಕೆ ನಿಮ್ಮ ಕೆರೆಯ ಮೇಲ್ನೀರು ಇಪ್ಪತ್ತರ ಆಸುಪಾಸು ಇರುತ್ತೆ, ಆಮ್ಲಜನಕವೂ ದಿನದಲ್ಲೇ ಕಡಿಮೆ ಇರುವ ಹೊತ್ತು. ಮೀನು ತಳ ಬಿಟ್ಟು ಏಳಲ್ಲ. ಹನ್ನೊಂದಕ್ಕೆ ಅರ್ಧ, ಮೂರೂವರೆಗೆ ಅರ್ಧ ಕೊಡಿ. ಬರೀ ಇಷ್ಟಕ್ಕೇ ದಡದಲ್ಲಿ ಕೂರುವ ಕಾಳು ಕಮ್ಮಿಯಾಗುತ್ತೆ.

ಉಳಿದದ್ದಕ್ಕೆ ಚೌಕಟ್ಟು. ಒಂದೂಕಾಲು ಇಂಚಿನ ಪಿವಿಸಿ ಪೈಪ್ ಹತ್ತಡಿಯ ನಾಲ್ಕು ತುಂಡು, ನಾಲ್ಕು ಎಲ್ಬೋ, ಸಾಲ್ವೆಂಟ್ ಹಚ್ಚಿ ಗಾಳಿಯಾಡದಂತೆ ಸೇರಿಸಿದರೆ ತೇಲುವ ಚೌಕ ಆಯ್ತು. ಒಂದು ಎಲ್ಬೋ ಸೋರಿದರೂ ಎರಡೇ ದಿನಕ್ಕೆ ಒಂದು ಮೂಲೆ ಮುಳುಗಿ ಕಾಳೆಲ್ಲ ಅಲ್ಲಿಂದ ಜಾರುತ್ತೆ, ನೀರಿಗಿಳಿಸುವ ಮೊದಲೇ ಬಕೆಟ್ಟಲ್ಲಿ ಅದ್ದಿ ಗುಳ್ಳೆ ಬರುತ್ತಾ ನೋಡಿ. ನೆಟ್ಟ ಗಳಕ್ಕೆ ಸಡಿಲವಾಗಿ ಕಟ್ಟಿ, ನೀರು ಇಳಿದಂತೆ ಚೌಕವೂ ಇಳಿಯಬೇಕು. ಗಾಳಿ ಬರುವ ದಿಕ್ಕಿನ ಕಡೆ, ನಾಲ್ಕಡಿಗಿಂತ ಆಳವಿರುವಲ್ಲಿ ಇರಲಿ. ದಿನಾ ಅದೇ ಜಾಗ, ಅದೇ ಹೊತ್ತು. ಬಕೆಟ್ ಬಡಿದ ಸದ್ದಿಗೆ ಒಂದು ವಾರದಲ್ಲಿ ಮೀನು ಸೇರುತ್ತವೆ.

ಮುಷ್ಟಿ ಮುಷ್ಟಿಯಾಗಿ ಹಾಕಿ. ಮೊದಲ ಐದು ನಿಮಿಷ ನೀರು ಕುದಿಯುವ ಹಾಗಿರುತ್ತೆ, ಆಮೇಲೆ ಅಲ್ಲೊಂದು ಇಲ್ಲೊಂದು ಬಾಯಿ. ಅಲ್ಲಿಗೆ ನಿಲ್ಲಿಸಿ. ಇಪ್ಪತ್ತು ನಿಮಿಷದ ಮೇಲೂ ಕಾಳು ತೇಲುತ್ತಿದ್ದರೆ ನಾಳೆ ಹತ್ತರಲ್ಲಿ ಎರಡು ಪಾಲು ಕಮ್ಮಿ.

ಇನ್ನು, ತೇಲುವ ಪೆಲೆಟ್ ಹೆಚ್ಚು ರೋಹುವಿನ ಪಾಲು. ಕಾಟ್ಲಾ ತಿನ್ನಲ್ಲ ಅಂತಲ್ಲ, ರೂಢಿಯಾದರೆ ತಿನ್ನುತ್ತೆ, ಆದರೆ ಅದರ ಬಾಯಿ ಇರೋದೇ ಬೇರೆ ಊಟಕ್ಕೆ. ಮೃಗಾಲ್ ತಳ ಬಿಟ್ಟು ಬರೋದು ಅಪರೂಪ. ಅದಕ್ಕೆ ತೌಡು ಮತ್ತು ಕಡಲೆಕಾಯಿ ಹಿಂಡಿ ಸಮ ತೂಕ, ನೆನೆಸಿ ಉಂಡೆ ಮಾಡಿ ಅಗಲ ತಟ್ಟೆಯಲ್ಲಿ ತಳಕ್ಕಿಳಿಸಿ. ಎರಡು ತಾಸಿನ ಮೇಲೆ ತಟ್ಟೆ ಎತ್ತಿ ನೋಡಿ, ಉಳಿದಿದ್ದರೆ ಮಾರನೆ ದಿನ ಕಡಿಮೆ. ಆಂಧ್ರದವರು ರಸಗೊಬ್ಬರದ ಚೀಲಕ್ಕೆ ತಳದಲ್ಲಿ ಎರಡು ಸಾಲು ತೂತು ಮಾಡಿ, ತೌಡು–ಹಿಂಡಿ ತುಂಬಿ ಗಳಕ್ಕೆ ನೇತು ಹಾಕುತ್ತಾರೆ, ಮೀನೇ ಬಂದು ಹೀರುತ್ತೆ. ಎಕರೆ ಕೆರೆಗೆ ನಾಲ್ಕೈದು ಚೀಲ ಸಾಕು. ಚೀಲವನ್ನು ಮೊದಲು ಚೆನ್ನಾಗಿ ತೊಳೆಯಿರಿ.

ಬಣ್ಣ ಬಂದಮೇಲೆ ಏನು ಮಾಡಬೇಕು ಅನ್ನೋದೇ ಮುಖ್ಯ ವಿಷಯ. ಪ್ಲಾಂಕ್ಟನ್‌ನ (ಪಾಚಿಕಣ, ನೀರುಚಿಗಟದಂಥ ನೀರಿನ ಮೇವು) ಒಣ ತೂಕದಲ್ಲಿ ಸುಮಾರು ಅರ್ಧದಷ್ಟು ಪ್ರೋಟೀನೇ. ಅದು ಪುಕ್ಕಟೆ ಸಿಗುವಾಗ ಮೇಲಿನಿಂದ ಮತ್ತೆ 28 ಪರ್ಸೆಂಟ್ ಪ್ರೋಟೀನ್ ಕೊಂಡು ಹಾಕುವುದು ದಂಡ, ಮೀನು ಅದನ್ನು ಬರೀ ಶಕ್ತಿಗೆ ಸುಡುತ್ತೆ. ಆಗ ತೌಡಿನಂಥ ಅಗ್ಗದ ಪಿಷ್ಟ ಸಾಕು. ಪೆಲೆಟ್ ಕೆಜಿಗೆ 45 ರೂಪಾಯಿ ಅಂತ ಹಿಡಿಯಿರಿ, ಚೆನ್ನಾಗಿ ತಿನ್ನಿಸಿದರೆ ಒಂದು ಕೆಜಿ ಮೀನಿಗೆ ಒಂದೂವರೆ ಕೆಜಿ ಚಿಲ್ಲರೆ ಪೆಲೆಟ್, 70 ರೂಪಾಯಿ ಹತ್ತಿರ. ಅರ್ಧ ದಡಕ್ಕೆ ಹೋದರೆ ಅದೇ 140. ನೀರಿನ ಮೇವು ಎಷ್ಟು ಪಾಲು ಹೊರುತ್ತೋ ಅಷ್ಟು ಈ ಖರ್ಚು ಇಳಿಯುತ್ತೆ.

ಹೇಮಾವತಿ ದಂಡೆ:

ಸರಿ, ನಿಲ್ಲಿಸೋದು ಬೇಡ, ಒಂದು ಪರ್ಸೆಂಟಿಗೆ ಇಳಿಸಿ. ಒಂದೂವರೆ ಕೆಜಿ, ಚೌಕಟ್ಟಿನೊಳಗೆ. ಅಷ್ಟು ಒಪ್ಪಿದೆ.

ಬಣ್ಣ ಅಳೆಯುವುದನ್ನು ಹೇಳಲು ಬಿಟ್ಟೆ. ಕೈ ನೇರ ಇಳಿಸಿ, ಅಂಗೈ ಮೇಲ್ಮುಖ. ಮೊಣಕೈ ಮುಳುಗುವ ಹೊತ್ತಿಗೆ ಅಂಗೈ ಮಾಯವಾದರೆ ಸರಿಯಾಗಿದೆ, ಅಂದರೆ 30–40 ಸೆಂಟಿಮೀಟರ್. ಮಣಿಕಟ್ಟು ದಾಟಿದ ಕೂಡಲೇ ಮಾಯವಾದರೆ ಜಾಸ್ತಿಯಾಗಿದೆ, ಗೊಬ್ಬರ ನಿಲ್ಲಿಸಿ. ತೋಳವರೆಗೂ ಕಾಣುತ್ತಿದ್ದರೆ ಇನ್ನೂ ಬೇಕು.

ಆದರೆ ಕೆಮ್ಮಣ್ಣು ಕದಡಿದ ನೀರಲ್ಲೂ ಅಂಗೈ ಕಾಣಲ್ಲ, ಅದನ್ನು ಮೇವು ಅಂದುಕೊಂಡು ಮೋಸ ಹೋಗುವವರು ಬಹಳ. ಗಾಜಿನ ಲೋಟದಲ್ಲಿ ಹಿಡಿದು ಕಿಟಕಿ ಬೆಳಕಿಗೆ ಎತ್ತಿ. ಎಳ್ಳಿಗಿಂತ ಸಣ್ಣ ಬಿಳಿ ಚುಕ್ಕಿಗಳು ಜಿಗಿ ಜಿಗಿದು ಮೇಲೆ ಹೋಗಿ, ಸುಮ್ಮನಾಗಿ ಕೆಳಗಿಳಿದು, ಮತ್ತೆ ಜಿಗಿದರೆ ಅದು ನೀರುಚಿಗಟ. ಕಾಟ್ಲಾಕ್ಕೆ ಹಬ್ಬ. ಏನೂ ಅಲ್ಲಾಡದೆ ರಾತ್ರಿ ಕಳೆದು ಬೆಳಿಗ್ಗೆಗೆ ತಳದಲ್ಲಿ ಕೆಂಪು ಗಸಿ ಕೂತಿದ್ದರೆ ಅದು ಬರೀ ಮಣ್ಣು. ಇನ್ನೂ ಖಚಿತ ಬೇಕಾದರೆ 50 ಲೀಟರ್ ನೀರನ್ನು ಪ್ಲಾಂಕ್ಟನ್ ಬಲೆಯಲ್ಲಿ ಸೋಸಿ, ಅಳತೆ ನಳಿಗೆಗೆ ಹಾಕಿ, ಚಿಟಿಕೆ ಉಪ್ಪು ಬಿಟ್ಟು ಕಾಲು ಗಂಟೆ ಕಾಯಿರಿ. ತಳದಲ್ಲಿ 1ರಿಂದ 2 ಮಿಲಿಲೀಟರ್ ಕೂತರೆ ಚೆನ್ನಾಗಿದೆ.

ಶೋಲಾ ನೀರು:

ಟ್ರೌಟ್ ಪ್ರಶ್ನೆಗೆ ಬರ್ತೇನೆ.

ಚಳಿ ನಮಗೆ, ನೀರಿಗಲ್ಲ. ರೇನ್‌ಬೋ ಟ್ರೌಟಿಗೆ ಹಿತವಾದ ನೀರು 10ರಿಂದ 18 ಡಿಗ್ರಿ. 20 ದಾಟಿದರೆ ಮೇವು ಬಿಡುತ್ತೆ, 25ರಲ್ಲಿ ಉಳಿಯೋದು ಕಷ್ಟ. 950 ಮೀಟರಿನ ನಿಂತ ಕೆರೆಯ ಮೇಲ್ನೀರು ಮಾರ್ಚ್ ಮಧ್ಯಾಹ್ನ ಸುಲಭವಾಗಿ 27 ದಾಟುತ್ತೆ. ಜೊತೆಗೆ ಆಮ್ಲಜನಕ: 12 ಡಿಗ್ರಿ ನೀರು ಲೀಟರಿಗೆ 10.8 ಮಿಲಿಗ್ರಾಂ ಹಿಡಿಯಬಲ್ಲದು, 27ರಲ್ಲಿ 8. ಅದೂ ಸಮುದ್ರಮಟ್ಟದಲ್ಲಿ. ಸಾವಿರ ಮೀಟರ್ ಎತ್ತರಕ್ಕೆ ಅದರಲ್ಲಿ ಹತ್ತಕ್ಕೊಂದು ಪಾಲು ಕಳೆಯಿರಿ. ಟ್ರೌಟಿಗೆ ಸದಾ 6ರ ಮೇಲೆ ಬೇಕು. ಗೊಬ್ಬರ ಹಾಕಿದ ನಿಂತ ನೀರಲ್ಲಿ ಬೆಳಗಿನ ಜಾವ 3–4ಕ್ಕೆ ಇಳಿಯೋದು ಮಾಮೂಲು. ಗೆಂಡೆ ತಡೆದುಕೊಳ್ಳುತ್ತೆ, ಟ್ರೌಟ್ ಇಲ್ಲ. ನೀಲಗಿರಿಯಲ್ಲಿ 20ನೇ ಶತಮಾನದ ಮೊದಲ ದಶಕದಲ್ಲಿ ಮದ್ರಾಸ್ ಸರ್ಕಾರದ ಮೀನು ತಜ್ಞ ಎಚ್. ಸಿ. ವಿಲ್ಸನ್ ಕಾಲದಲ್ಲಿ ಅದು ನೆಲೆ ನಿಂತಿದ್ದು ಅವಲಾಂಚಿಯಂಥ, 2000 ಮೀಟರ್ ದಾಟಿದ ಶೋಲಾ ಹೊಳೆಗಳಲ್ಲಿ. ನಮ್ಮ ಮುಳ್ಳಯ್ಯನಗಿರಿ ತುದಿಯೇ 1930 ಮೀಟರ್. ತುದಿಯ ಮೇಲೆ ಕೆರೆ ಕಟ್ಟೋಕಾಗುತ್ತಾ?

ಪೆಲೆಟ್ ಕೊಟ್ಟರೆ ಬೆಳೆಯಲ್ವಾ ಅಂದರೆ, ತಣ್ಣನೆ ಹರಿಯುವ ನೀರಿದ್ದರೆ ಬೆಳೆಯುತ್ತೆ. ಆದರೆ ಅದು ಮಾಂಸಾಹಾರಿ, ಅದರ ಪೆಲೆಟ್ ಬೇರೆ: 40–45 ಪರ್ಸೆಂಟ್ ಪ್ರೋಟೀನ್, ಮೀನೆಣ್ಣೆ ಸೇರಿ ಕೊಬ್ಬೂ ಜಾಸ್ತಿ. ಗೆಂಡೆಯ ಉದ್ದ ಕರುಳು ತೌಡಿನ ಪಿಷ್ಟ ಅರಗಿಸುತ್ತೆ, ಟ್ರೌಟಿನ ಗಿಡ್ಡ ಕರುಳಿಗೆ ಅದು ಆಗಲ್ಲ. ಹಿಮಾಚಲ, ಕಾಶ್ಮೀರದ ಕಡೆ ಸಿಮೆಂಟ್ ಕಾಲುವೆ ತೊಟ್ಟಿಯಲ್ಲಿ ಹಿಮದ ನೀರು ಹರಿಸಿ ಸಾಕುವಾಗ ನೈಸರ್ಗಿಕ ಮೇವಿನ ಪಾಲು ಸೊನ್ನೆ, ಪೂರ್ತಿ ಪೆಲೆಟ್. ಅದೇ ಮೀನನ್ನು ಹೊಳೆಗೆ ಬಿಟ್ಟರೆ ಕಲ್ಲಿನಡಿಯ ಏರೋಪ್ಲೇನ್ ಚಿಟ್ಟೆ ಮರಿ, ಮೇಫ್ಲೈ ಮರಿ, ಸಿಗಡಿ, ಶಂಖುಹುಳು ತಿಂದು ಬದುಕಬೇಕು. ಫಾರ್ಮ್ ಮರಿಗೆ ಅದು ತಕ್ಷಣ ಬರಲ್ಲ. ಮೊದಲ ದಿನಗಳಲ್ಲಿ ಪೆಲೆಟ್ ಆಕಾರದ ಕಡ್ಡಿ ಚೂರು, ಕಲ್ಲುಹರಳು ನುಂಗುತ್ತೆ, ತೂಕ ಇಳಿಯುತ್ತೆ. ಕಲಿತ ಮೇಲೆ ಸುಧಾರಿಸುತ್ತೆ. ಟ್ರೌಟ್ ಮಾಂಸದ ಕೆಂಬಣ್ಣವೂ ಮೇವಿನದೇ: ಹೊಳೆಯಲ್ಲಿ ಸಿಗಡಿಯಿಂದ ಬರುತ್ತೆ, ಫಾರ್ಮಲ್ಲಿ ಪೆಲೆಟ್ಟಿಗೆ ಅಸ್ಟಾಕ್ಸಾಂಥಿನ್ ಬೆರೆಸಿ ಬರಿಸುತ್ತಾರೆ. ಬೆರೆಸದಿದ್ದರೆ ಬಿಳಿ ಮಾಂಸ.

ಸುಣ್ಣಕಲ್ಲಿನ ನೆಲದಲ್ಲಿ ಹರಿಯುವ ಹೊಳೆಯಲ್ಲಿ ಸಿಗಡಿ, ಶಂಖುಹುಳು ಹೇರಳ, ಟ್ರೌಟ್ ದಪ್ಪ. ಗ್ರಾನೈಟ್ ನೆಲದ ಹುಳಿ ನೀರಲ್ಲಿ ಮೀನು ಎಷ್ಟೇ ಇದ್ದರೂ ಕಿರುಗಾತ್ರ. ಅಲ್ಲೂ ನಿಮ್ಮ 18ರ ಕಥೆಯೇ.

ಮೂಡಿಗೆರೆ ತೋಟದಕೆರೆ:

ಟ್ರೌಟ್ ಆಸೆ ಬಿಟ್ಟೆ. ಸುಣ್ಣಕ್ಕೆ ಹೇಳಿದ್ದೇನೆ, ಚೌಕಟ್ಟು ನಾಳೆ. ಇನ್ನು ಕೆಲವು ವಿವರ: ಕೆರೆಯ ಮೂರು ಕಡೆ ಸಿಲ್ವರ್ ಓಕ್, ಎಲೆ ಸಿಕ್ಕಾಪಟ್ಟೆ ಬೀಳುತ್ತೆ. ಸೆಪ್ಟೆಂಬರ್‌ನಲ್ಲಿ ಬೋರ್ಡೋ (ಮೈಲುತುತ್ತ–ಸುಣ್ಣದ ದ್ರಾವಣ) ಹೊಡೆದಾಗ ಡ್ರಮ್ ತೊಳೆದಿದ್ದು ಇದೇ ಕೆರೆಯಲ್ಲಿ. ಇನ್ನು ಹದಿನೈದು ದಿನಕ್ಕೆ ಹಣ್ಣು ಕುಯ್ಲು ಶುರು, ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಮೇಲುಗಡೆ ಇದೆ. ಫೆಬ್ರವರಿಯಲ್ಲಿ ಹೂವಿನ ನೀರು (ಕಾಫಿ ಹೂವು ಅರಳಿಸಲು ಹಾಯಿಸುವುದು) ಇಪ್ಪತ್ತು ಎಕರೆಗೆ ಇದೇ ಕೆರೆಯಿಂದ. ಮೀನಿಗೆ ಇದರಿಂದ ತೊಂದರೆ ಇದೆಯಾ?

ಏರಿಮೇಲೆ:

ಇದನ್ನು ಮೊದಲೇ ಹೇಳಬಾರದಿತ್ತಾ! ನೀರು ಕನ್ನಡಿಯಾಗಲು ಅರ್ಧ ಕಾರಣ ಡ್ರಮ್ಮೇ ಇರಬಹುದು. ಮೈಲುತುತ್ತ ಪಾಚಿ ಕೊಲ್ಲುವ ಔಷಧಿ, ಕೆರೆಗಳಲ್ಲಿ ಅದಕ್ಕೇ ಬಳಸುತ್ತಾರೆ. ಗಟ್ಟಿ ನೀರಲ್ಲಿ ತಾಮ್ರ ಬೇಗ ಕಟ್ಟಿಕೊಂಡು ತಳಕ್ಕಿಳಿಯುತ್ತೆ. ನಿಮ್ಮಂಥ ಮೆದು ನೀರಲ್ಲಿ ಕರಗಿದ ರೂಪದಲ್ಲೇ ಉಳಿದು ಮೊದಲು ಪಾಚಿಕಣ, ಆಮೇಲೆ ನೀರುಚಿಗಟ, ಪ್ರಮಾಣ ಹೆಚ್ಚಾದರೆ ಮೀನಿನ ಕಿವಿರು, ಹೀಗೆ ಒಂದೊಂದನ್ನೇ ಹಿಡಿಯುತ್ತೆ. ಸುಣ್ಣ ಬಿದ್ದರೆ ಇದಕ್ಕೂ ಪರಿಹಾರ. ಮುಂದೆ ಡ್ರಮ್, ಪಂಪು, ಗನ್ ಎಲ್ಲ ಕೆರೆಗೆ ನೀರು ಹರಿಯದ ಕಡೆ ತೊಳೆಯಿರಿ. ಕಾಂಡಕೊರಕಕ್ಕೆ, ಮೆಣಸಿಗೆ ಹೊಡೆಯುವ ಕೀಟನಾಶಕದ ವಿಷಯದಲ್ಲಿ ಇನ್ನೂ ಬಿಗಿ. ಹೆಸರು ‘ಥ್ರಿನ್’ ಅಂತ ಮುಗಿಯುವ ಪೈರೆಥ್ರಾಯ್ಡ್‌ಗಳಂತೂ ಮೀನಿಗೆ ಕಡು ವಿಷ. ಡಬ್ಬಿ ತೊಳೆದ ನೀರೂ ಸಾಕು.

ಪಲ್ಪರ್ ನೀರು ಒಂದು ಹನಿಯೂ ಬೇಡ. ಅದರಲ್ಲಿ ಸಕ್ಕರೆ, ಲೋಳೆ. ಹುಳಿತರೆ ಪಿಎಚ್ 4ಕ್ಕೆ ಇಳಿಯುತ್ತೆ, ಬ್ಯಾಕ್ಟೀರಿಯಾ ಅದನ್ನು ತಿನ್ನುತ್ತಾ ಕೆರೆಯ ಆಮ್ಲಜನಕವನ್ನೆಲ್ಲ ಮುಗಿಸುತ್ತವೆ. ‘ಸಗಣಿ ಹಾಕಬಹುದಂತೆ, ಇದೂ ಗೊಬ್ಬರವೇ ತಾನೆ’ ಅಂತ ಬಿಟ್ಟರೆ ಒಂದೇ ರಾತ್ರಿಗೆ ಎಲ್ಲ ಹೊಟ್ಟೆ ಮೇಲಾಗಿ ತೇಲುತ್ತೆ. ಮೇಲುಗಡೆ ಇದೆ ಅಂತೀರಿ, ತೊಟ್ಟಿ ತುಂಬಿ ಹೊರಳಿದರೆ ಎತ್ತ ಹರಿಯುತ್ತೆ ಅಂತ ಈಗಲೇ ನೋಡಿ, ಕೆರೆಯ ಕಡೆ ಅಡ್ಡ ಅಗಳು ತೋಡಿ.

ಓಕ್ ಎಲೆ ಕೊಳೆತರೆ ನೀರು ಟೀ ಬಣ್ಣಕ್ಕೆ ತಿರುಗಿ ಬೆಳಕು ಒಳಗಿಳಿಯಲ್ಲ, ಹುಳಿಯೂ ಹೆಚ್ಚುತ್ತೆ. ದಕ್ಷಿಣ ಮತ್ತು ಪೂರ್ವದ ಕೊಂಬೆ ಕಡಿಸಿ. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳದ ಕೆರೆಯಲ್ಲಿ ಎಷ್ಟು ಗೊಬ್ಬರ ಹಾಕಿದರೂ ದಂಡ. ಎಲೆಯನ್ನು ಗಾಳಿ ಒತ್ತರಿಸುವ ಮೂಲೆಯಲ್ಲಿ ವಾರಕ್ಕೊಮ್ಮೆ ಎಳೆದು ಹಾಕಿಸಿ.

ಹೂವಿನ ನೀರು: ಎಕರೆಗೆ ಒಂದಿಂಚು ಅಂದರೆ ಒಂದು ಲಕ್ಷ ಲೀಟರ್ ಚಿಲ್ಲರೆ. ಇಪ್ಪತ್ತು ಎಕರೆಗೆ ಒಂದೂವರೆ ಇಂಚು, 30 ಲಕ್ಷ ಲೀಟರ್, ನಿಮ್ಮ ಕೆರೆಯಲ್ಲಿ ಎರಡೂವರೆ ಅಡಿ. ಬ್ಯಾಕಿಂಗ್‌ಗೆ, ಅಂದರೆ ಹೂವಾದ ಮೇಲಿನ ಎರಡನೇ ನೀರಿಗೆ, ಇನ್ನೊಂದೂವರೆಯಿಂದ ಎರಡಡಿ. ಆವಿ, ಇಂಗುವಿಕೆ ಬೇರೆ. ಊಟೆ ನೀರು ಚೆನ್ನಾಗಿ ಬರದಿದ್ದರೆ ಮಾರ್ಚ್ ಕೊನೆಗೆ ಎರಡಡಿಯಲ್ಲಿ ಮೀನು ನಿಂತಿರುತ್ತೆ, ಅದೂ ಬಿಸಿ ನೀರಲ್ಲಿ. ಹಾಗಾಗಿ ಹೂವಿನ ನೀರಿಗೆ ಮೊದಲು ಒಮ್ಮೆ ಎಳೆಬಲೆ ಹಾಕಿ ದೊಡ್ಡ ಕಾಟ್ಲಾಗಳನ್ನು ತೆಗೆದುಬಿಡಿ. ನೀರು ಇಳಿದಂತೆ ಪೆಲೆಟ್ ಇಳಿಸಿ, ಸಗಣಿ ಪೂರ್ತಿ ನಿಲ್ಲಿಸಿ. ಫುಟ್‌ವಾಲ್ವ್‌ಗೆ ಕಾಲಿಂಚು ಕಣ್ಣಿನ ಜಾಲರಿ ಬುಟ್ಟಿ ಕಟ್ಟೋದು ಮರೀಬೇಡಿ.

ಸ್ಪ್ರಿಂಕ್ಲರ್ ಪಂಪ್ ಇರೋದು ಮೀನಿಗೆ ಒಳ್ಳೆಯದೇ. ಮೋಡ ಕವಿದು ಎರಡು ದಿನ ಬಿಸಿಲಿಲ್ಲದ ಬೆಳಗಿನ ಜಾವ ಮೀನು ಬಾಯಿ ಮೇಲೆತ್ತಿ ಗಾಳಿ ಗುಟುಕರಿಸುತ್ತಿದ್ದರೆ ಒಂದು ಸ್ಪ್ರಿಂಕ್ಲರ್ ಗನ್ನನ್ನು ಏರಿ ಮೇಲಿಟ್ಟು ಕೆರೆ ನೀರನ್ನೇ ಎತ್ತಿ ಕೆರೆಗೇ ಚಿಮ್ಮಿಸಿ, ನಸುಕು ಮೂರು ಗಂಟೆಯಿಂದ ಬಿಸಿಲು ಏರುವವರೆಗೆ. ಆವತ್ತು ಪೆಲೆಟ್ ಬೇಡ, ಗೊಬ್ಬರ ಬೇಡ. ಸಪ್ಪಳ ಮಾಡಿದರೆ ಮುಳುಗಿ, ಎಂಟರೊಳಗೆ ತಾನಾಗೇ ಕೆಳಗಿಳಿದರೆ ಸಣ್ಣ ಎಚ್ಚರಿಕೆ. ಸಪ್ಪಳಕ್ಕೂ ಕದಲದೆ ದಡಕ್ಕೆ ಒತ್ತಿಕೊಂಡಿದ್ದರೆ ತಡ ಮಾಡುವಂತಿಲ್ಲ.

ಬಯಲುಸೀಮೆ ಹೊಂಡ (ಅರಸೀಕೆರೆ):

ನಮ್ಮ ಕಡೆಯವರು ಇದನ್ನು ಓದಿ ಹಾಗೇ ಮಾಡಬೇಡಿ ಅಂತ ಒಂದು ಮಾತು. ಇಲ್ಲಿ ಬಹಳಷ್ಟು ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡ, ಬೋರ್ ನೀರು. ಆಲ್ಕಲಿನಿಟಿ ನಮ್ಮಲ್ಲಿ 200ರ ಮೇಲೇ ಇರುತ್ತೆ, ಸುಣ್ಣ ಬೇಕಿಲ್ಲ. ಆದರೆ ಹಾಳೆ ಮಣ್ಣಿಗೂ ನೀರಿಗೂ ಅಡ್ಡ. ತಳದ ಹುಳ, ಕೆಸರಿನ ಮೇವು ಹುಟ್ಟಲ್ಲ, ಮೃಗಾಲ್ ಬಿಡೋದು ವ್ಯರ್ಥ. ನೀರು ಹಸಿರಾದರೂ ಅದು ಹೆಚ್ಚಾಗಿ ಕಾಟ್ಲಾಕ್ಕೇ. ಇಲ್ಲಿ ಪೆಲೆಟ್ಟೇ ಮುಖ್ಯ ಊಟ, ಅದು ಜೀವಸತ್ವ, ಖನಿಜ ಎಲ್ಲ ಇರುವ ಪೂರ್ಣ ಆಹಾರ ಆಗಿರಬೇಕು. ಬರೀ ತೌಡು–ಹಿಂಡಿ ಹಾಕಿದರೆ ಬೆನ್ನು ಸೊಟ್ಟಗಾದ ಮೀನು ಕಾಣಿಸೋದು ಇಂಥಲ್ಲೇ. ವಿಟಮಿನ್ ಸಿ ಕೊರತೆ. ಮಣ್ಣಿನ ಕೆರೆಯಲ್ಲಿ ಅದನ್ನು ಪ್ಲಾಂಕ್ಟನ್ ತುಂಬಿಕೊಡುತ್ತೆ.

ಮಲೆನಾಡಿನವರಿಗೆ ಒಂದು ಪ್ರಶ್ನೆ: ಜೂನಿನಿಂದ ಸೆಪ್ಟೆಂಬರ್ ತನಕ ಏನು ಮಾಡ್ತೀರಿ, ಬಿಸಿಲೇ ಇರಲ್ವಲ್ಲ?

ಹೇಮಾವತಿ ದಂಡೆ:

ಏನೂ ಮಾಡಲ್ಲ, ಅದೇ ಸರಿ. ಕೋಡಿ ಬೀಳುತ್ತಿರುವಾಗ ಸಗಣಿ ಹಾಕಿದರೆ ಕೆಳಗಿನ ಗದ್ದೆಯವರಿಗೆ ಲಾಭ. ಬಿಸಿಲಿಲ್ಲ, ನೀರು ದಿನಾ ಬದಲಾಗುತ್ತೆ, ಹೋದ ವರ್ಷದ ಸುಣ್ಣವೂ ತೊಳೆದು ಹೋಗುತ್ತೆ. ಆ ನಾಲ್ಕು ತಿಂಗಳು ಇರೋದು ಪೆಲೆಟ್ಟೊಂದೇ, ಅದೂ ಒಂದು–ಒಂದೂವರೆ ಪರ್ಸೆಂಟ್, ಮಳೆ ಬಿಡುವು ಕೊಟ್ಟ ದಿನ. ಗುಡ್ಡದ ನೀರು ನೇರ ಕೆರೆಗೆ ಬೀಳದಂತೆ ಪಕ್ಕದಲ್ಲಿ ತೋಡು ತಿರುಗಿಸಿದರೆ ಅರ್ಧ ಸಮಸ್ಯೆ ಕಮ್ಮಿ. ಸುಣ್ಣದ ಕೆಲಸ ಕೋಡಿ ನಿಂತ ಮೇಲೆ, ಅಕ್ಟೋಬರ್‌ನಲ್ಲಿ. ನೀರಿನ ಮೇವಿನ ಕಾಲ ಅಲ್ಲಿಂದ ಮೇ ತನಕ.

ಪೆಲೆಟ್ ಚೀಲ ಮಳೆಗಾಲದಲ್ಲಿ ನೆಲಕ್ಕೆ ತಾಗಿಸಿ ಇಡಬೇಡಿ. ಹಲಗೆ ಮೇಲೆ, ಗೋಡೆಯಿಂದ ಒಂದಡಿ ದೂರ. ಎರಡು ತಿಂಗಳಿಗಿಂತ ಹೆಚ್ಚಿನ ದಾಸ್ತಾನು ಬೇಡ. ಬೂಷ್ಟು ವಾಸನೆ ಬಂದ ಪೆಲೆಟ್, ಹಿಂಡಿ ಎರಡೂ ಮೀನಿನ ಪಿತ್ತಜನಕಾಂಗ ಹಾಳು ಮಾಡುತ್ತೆ, ಒಣಗಿಸಿ ಹಾಕಿದರೂ ಅದರ ವಿಷ ಹೋಗಲ್ಲ. ಗೊಬ್ಬರಗುಂಡಿಗೆ ಹಾಕಿ.

ಇನ್ನೊಂದು ವಿಷಯ ಮೂಡಿಗೆರೆಯವರಿಗೆ. ನೀರು ಇಷ್ಟು ತಿಳಿಯಾಗಿರುವಾಗ ಬೆಳಕು ತಳ ಮುಟ್ಟಿ ನಾರುಪಾಚಿ, ಜೊಂಡು ಎದ್ದಿರುತ್ತೆ. ಅದಿದ್ದರೆ ನೀವು ಹಾಕುವ ಗೊಬ್ಬರವೆಲ್ಲ ಅದರ ಪಾಲು, ನೀರು ಹಸಿರಾಗಲ್ಲ. ಮೊದಲು ಎಳೆದು ತೆಗೆಸಿ, ಆಮೇಲೆ ಅಂಗೈ ಉದ್ದದ ಹುಲ್ಲುಗೆಂಡೆ ಮರಿ 40–50 ಬಿಡಿ. ಅವು ಹುಲ್ಲನ್ನು ಅರ್ಧ ಅರಗಿಸಿ ಹಾಕುವ ಹಿಕ್ಕೆಯೇ ಗೊಬ್ಬರ. ಜೊಂಡು ಮುಗಿದ ಮೇಲೆ ನೇಪಿಯರ್ ಕತ್ತರಿಸಿ ಹಾಕಿ, ಕಳೆನಾಶಕ ಹೊಡೆದ ಸಾಲಿನ ಹುಲ್ಲು ಬೇಡ. ಸಾಮಾನ್ಯ ಗೆಂಡೆ ಬಿಡಿ ಅಂತ ಯಾರಾದರೂ ಹೇಳಬಹುದು, ಮಣ್ಣಿನ ಏರಿ ಇರುವವರಿಗೆ ನನ್ನ ಮತ ಬೇಡ. ತಳ ಕೆದಕಿ ನೀರು ಕದಡುತ್ತೆ, ಏರಿ ಬುಡ ಕೊರೆಯುತ್ತೆ.

ಶೋಲಾ ನೀರು:

ರುಚಿಯ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಪೆಲೆಟ್ ಮೀನು ಸಪ್ಪೆ ಅನ್ನೋದರಲ್ಲಿ ಇಷ್ಟು ನಿಜ: ಮಿತಿಮೀರಿ ತಿನ್ನಿಸಿದ ಮೀನಿನ ಹೊಟ್ಟೆಯಲ್ಲಿ ಹಳದಿ ಕೊಬ್ಬು ತುಂಬಿ ಮಾಂಸ ಮೆತ್ತಗಾಗುತ್ತೆ. ಆದರೆ ಜನ ದೂರುವ ಕೆಸರು ವಾಸನೆ ಪೆಲೆಟ್ಟಿನದ್ದಲ್ಲ. ಅದು ನೀಲಿ ಹಸಿರು ಪಾಚಿ, ಕೆಸರಿನ ಕೆಲವು ಬ್ಯಾಕ್ಟೀರಿಯಾ ಹುಟ್ಟಿಸುವ ಜಿಯೋಸ್ಮಿನ್. ಮೊದಲ ಮಳೆಗೆ ನೆಲದಿಂದ ಏಳುವ ವಾಸನೆಯೂ ಅದೇ. ಮೀನು ಕಿವಿರಿನ ಮೂಲಕ ಅದನ್ನು ಕೊಬ್ಬಿಗೆ ಎಳೆದುಕೊಳ್ಳುತ್ತೆ. ಅಂದರೆ ಸಗಣಿ ಅತಿಯಾದ ‘ನೈಸರ್ಗಿಕ’ ಕೆರೆಯ ಮೀನೇ ಹೆಚ್ಚು ನಾತ ಹೊಡೆಯೋದು.

ಹಿಡಿದ ಮೀನನ್ನು ಶುದ್ಧ ಹರಿವ ನೀರಿನ ತೊಟ್ಟಿಯಲ್ಲಿ ಮೇವಿಲ್ಲದೆ ಮೂರರಿಂದ ಐದು ದಿನ ಬಿಟ್ಟರೆ ವಾಸನೆ ಬಹುಪಾಲು ಇಳಿಯುತ್ತೆ. ಕಾಲುಭಾಗ ತೂಕ ಹೋಗುತ್ತೆ ಅಂತ ಹೆದರಿಸುವವರಿದ್ದಾರೆ, ಅಷ್ಟೆಲ್ಲ ಇಲ್ಲ, ಕರುಳು ಖಾಲಿಯಾಗುತ್ತೆ ಅಷ್ಟೆ. ತೊಟ್ಟಿಗೆ ಮೇಲೆ ಬಲೆ ಹೊದಿಸಿ. ಕಾಟ್ಲಾ ಹಾರುತ್ತೆ, ರಾತ್ರಿ ನೀರುನಾಯಿ ಬಂದರೆ ಬೆಳಿಗ್ಗೆಗೆ ತಲೆಗಳಷ್ಟೇ ಉಳಿದಿರುತ್ತವೆ.

ಮೂಡಿಗೆರೆ ತೋಟದಕೆರೆ:

ನಾರುಪಾಚಿ ಇದೆ, ಮೂಡಣ ಮೂಲೆ ಪೂರ್ತಿ. ಅದನ್ನು ಎಳೆಸಿ ಆಮೇಲೆ ಸುಣ್ಣ ಹಾಕ್ತೇನೆ. ಪಲ್ಪರ್ ತೊಟ್ಟಿ ಹೊರಳಿದರೆ ನೀರು ಸೀದಾ ಕೆರೆಗೇ ಬರುವ ಹಾಗಿದೆ, ಅಗಳು ತೋಡಲು ಆಳು ಹೇಳಿದೆ. ಎರಡನೇ ಸುಣ್ಣ ಬಿದ್ದ ವಾರಕ್ಕೆ ಪಿಎಚ್, ಆಲ್ಕಲಿನಿಟಿ, ಅಂಗೈ ಅಳತೆ ಮೂರೂ ಇಲ್ಲೇ ಹಾಕ್ತೇನೆ. ಪಿಎಚ್ ಬೆಳಿಗ್ಗೆ ನೋಡಿದರೆ ಸಾಕಾ?

ಹೇಮಾವತಿ ದಂಡೆ:

ಬೆಳಿಗ್ಗೆ ಆರಕ್ಕೊಮ್ಮೆ, ಮಧ್ಯಾಹ್ನ ಮೂರಕ್ಕೊಮ್ಮೆ, ಒಂದೇ ದಿನ. ಈಗ ಪಾಚಿಕಣವೇ ಇಲ್ಲ, ಎರಡಕ್ಕೂ ವ್ಯತ್ಯಾಸ ಕಾಣಲ್ಲ. ಹಸಿರು ಏರಿದಂತೆ ಮಧ್ಯಾಹ್ನದ್ದು ಮೇಲೇಳುತ್ತೆ. ಎರಡರ ನಡುವೆ ಒಂದೂವರೆ ದಾಟಿದರೆ ಗೊಬ್ಬರಕ್ಕೆ ಒಂದು ವಾರ ರಜೆ ಕೊಟ್ಟು ಇಲ್ಲಿ ಬರೆಯಿರಿ.